ಮುಕ್ಕಾಲು ಇಂಚು

ಅಳತೆ ಕೋಲಿಗೆ ಬೆನ್ನು ಕೊಟ್ಟು ನಿಲ್ಲುವಂತೆ ನರ್ಸ್ ಹೇಳಿದಾಗ ಅಮ್ಮ ಚಪ್ಪಲಿ ಬಿಟ್ಟು ನಿಂತಳು. ಮಗಳು ಕಿಟಕಿಯ ಕಡೆ ತಿರುಗಿಕೊಂಡಳು. ಆ ಕೋಲು ಏನು ಹೇಳಲಿದೆ ಎಂಬುದು ತನಗೆ ಮೊದಲೇ ಗೊತ್ತು ಎಂದುಕೊಂಡಿದ್ದಳು.

ಉಬ್ಬಸಕ್ಕೆಂದು ಹನ್ನೊಂದು ವರ್ಷ ನುಂಗಿದ ಸ್ಟೆರಾಯ್ಡ್ ಮಾತ್ರೆ ಅಮ್ಮನ ಉಸಿರು ಉಳಿಸಿ ಮೂಳೆ ತಿಂದಿತ್ತು. ಎರಡು ವರ್ಷದ ಹಿಂದೆ ತನ್ನ ಹೊಲಿಗೆ ಅಂಗಡಿಯಲ್ಲಿ ಬಟ್ಟೆಯ ಥಾನು ಎತ್ತಲು ಹೋಗಿ ಬೆನ್ನುಮೂಳೆಯ ಒಂದು ಮಣಿ ಕುಸಿಯಿತು. ಇನ್ನೊಂದು ಕುಸಿದರೆ ಮಿಷನ್ ಮುಂದೆ ಕೂರುವುದೇ ಕಷ್ಟ ಎಂದ ಡಾಕ್ಟರಮ್ಮ, ಇನ್ನೂ ಪ್ರಯೋಗದಲ್ಲಿದ್ದ ಒಂದು ಚಿಕಿತ್ಸೆಗೆ ಸೇರುತ್ತೀರಾ ಎಂದು ಕೇಳಿದ್ದರು. ದಿನಕ್ಕೊಂದು ಸೂಜಿ, ಹದಿನೆಂಟು ತಿಂಗಳು. ಮೂಳೆ ಸವೆತಕ್ಕೆ ಕೊಡುವ ಹಳೆಯ ಮಾತ್ರೆ ಎಲ್ಲರಿಗೂ ಉಂಟು; ಸೂಜಿಯಲ್ಲಿ ಮಾತ್ರ ಅರ್ಧ ಜನಕ್ಕೆ ಮೂಳೆ ಬೆಳೆಸುವ ಹೊಸ ಔಷಧ, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಮ್ಮನಿಗೂ ತಿಳಿಯದು.

"ಉಪ್ಪುನೀರೇ ಆದ್ರೆ ಉಪ್ಪಿನಕಾಯಿ ಹಾಗೆ ಕೆಡದೆ ಇರ್ತೀನಿ ಬಿಡು," ಎಂದು ಅಮ್ಮ ರುಜು ಹಾಕಿದ್ದಳು.

ಸೂಜಿ ಚುಚ್ಚುವುದು ಮಗಳ ಕೆಲಸವಾಯಿತು. ಮಣಿ ಕುಸಿದರೆ ಎತ್ತರ ಇಳಿಯುತ್ತದೆ ಎಂದು ನರ್ಸ್ ಹೇಳಿದ್ದು ಅವಳ ತಲೆಯಲ್ಲಿ ಕೂತಿತ್ತು. ಆಸ್ಪತ್ರೆಯಲ್ಲಿ ನಡುನಡುವೆ ರಕ್ತ ಮಾತ್ರ ತೆಗೆಯುತ್ತಿದ್ದರು, ಎತ್ತರ ಅಳೆಯುತ್ತಿರಲಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಅವಳೇ ಅಮ್ಮನನ್ನು ಗೋಡೆಗೆ ನಿಲ್ಲಿಸಿ ಅಂಗಡಿಯ ಟೇಪು ಹಿಡಿಯುತ್ತಿದ್ದಳು. ಮೊದಲು ಐವತ್ತೆಂಟೂವರೆ ಇಂಚು. ಆಮೇಲೆ ಕಾಲು ಇಂಚು ಕಡಿಮೆ, ಇನ್ನಷ್ಟು ಕಡಿಮೆ. ಕಳೆದ ವಾರ ಐವತ್ತೇಳೂಮುಕ್ಕಾಲು. "ಎಷ್ಟು?" ಎಂದು ಅಮ್ಮ ಕೇಳಿದಾಗಲೆಲ್ಲ "ಅಷ್ಟೇ ಇದೆ" ಎಂದು, ನಿಜದ ಅಂಕಿಯನ್ನು ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದಳು. ಉಪ್ಪುನೀರೇ ಎಂದು ಖಾತ್ರಿಯಾದ ಮೇಲೂ ಬೆಳಗಾದರೆ ಸೂಜಿ ಚುಚ್ಚುತ್ತಿದ್ದಳು.

"ಮೊದಲ ದಿನ ಎಷ್ಟಿತ್ತೋ ಅಷ್ಟೇ," ಎಂದಳು ನರ್ಸ್, ಕೋಲು ನೋಡಿ. ಡಾಕ್ಟರಮ್ಮ ಸ್ಕ್ಯಾನಿನ ಹಾಳೆ ತಿರುವಿ, ಹೊಸದಾಗಿ ಯಾವ ಮಣಿಯೂ ಕುಸಿದಿಲ್ಲ, ಮೂಳೆ ಮೊದಲಿಗಿಂತ ನೂರಕ್ಕೆ ಒಂಬತ್ತರಷ್ಟು ಹೆಚ್ಚು ಗಟ್ಟಿಯಾಗಿದೆ ಎಂದರು.

ಡಾಕ್ಟರ ಎದುರು ಎಂದೂ ಬಾಯಿ ಬಿಡದಿದ್ದ ಮಗಳು ನೆಲ ನೋಡುತ್ತಲೇ ಹೇಳಿದಳು. "ಇಲ್ಲ ಮೇಡಂ, ಅಮ್ಮ ಮುಕ್ಕಾಲು ಇಂಚು ಇಳಿದಿದ್ದಾರೆ. ಇನ್ನೊಂದ್ಸಲ ನೋಡಿ."

ಅಮ್ಮ ಅವಳತ್ತ ತಿರುಗಿದಳು. ನರ್ಸ್ ಮತ್ತೆ ಅಳೆದಳು. ಅಷ್ಟೇ ಇತ್ತು. ಸೂಜಿಯಲ್ಲಿ ಏನಿತ್ತೆಂದು ಎಲ್ಲರ ಸರದಿ ಮುಗಿದ ಮೇಲೇ ತಿಳಿಯುವುದು, ಆದರೆ ಈ ಮೂಳೆ ನಿಮ್ಮದೇ ಎಂದು ಡಾಕ್ಟರಮ್ಮ ನಕ್ಕರು.

ಅಂಗಡಿಗೆ ಬಂದವಳೇ ಅಮ್ಮ ಹೊಸ ಟೇಪೊಂದನ್ನು ಬಿಚ್ಚಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಳೆಯದರ ಪಕ್ಕ ಹಾಸಿದಳು. ಹಳೆಯದು ಮುಕ್ಕಾಲು ಇಂಚು ಹೆಚ್ಚು ಉದ್ದವಿತ್ತು.

ಮಗಳಿಗೆ ತಟ್ಟನೆ ಹೊಳೆಯಿತು. ಕತ್ತರಿ ತೂಗುವ ಮೇಲಿನ ಮೊಳೆಗೆ ಅಮ್ಮನ ಕೈ ಏಳದಾದಾಗ, ಟೇಪನ್ನು ಆ ಮೊಳೆಗೆ ಸಿಕ್ಕಿಸಿ, ಅದರ ಕೆಳತುದಿಗೆ ಕತ್ತರಿ ಕಟ್ಟಿ ಇಳಿಬಿಟ್ಟವಳು ಅವಳೇ. ಆ ಭಾರಕ್ಕೆ ಟೇಪು ದಿನದಿನವೂ ಹಿಗ್ಗಿ, ಅಮ್ಮನ ಎತ್ತರವನ್ನು ಕಡಿಮೆ ತೋರಿಸುತ್ತ ಬಂದಿತ್ತು.

"ಗಿರಾಕಿಗಳ ಬಟ್ಟೆ ಗತಿ?"

"ಅಳೆದಿದ್ದೂ ಇದ್ರಲ್ಲೇ, ಕತ್ತರಿಸಿದ್ದೂ ಇದ್ರಲ್ಲೇ. ಯಾರು ಕೇಳಿದ್ರು ಹೇಳು?" ಅಮ್ಮ ಕುರ್ಚಿ ಎಳೆದು ಕೂತಳು. "ಹದಿನೆಂಟು ತಿಂಗಳು 'ಅಷ್ಟೇ ಇದೆ' ಅಂತ ನನಗೆ ಸುಳ್ಳು ಹೇಳ್ದೆ ಅಲ್ವೇನೇ?"

"ಹೂಂ."

"ನೀನು ನಿಜಾನೇ ಹೇಳಿದ್ದೆ ನೋಡು."

ಅಮ್ಮನಿಗೆ ನಗು ತಡೆಯಲಿಲ್ಲ. ಎರಡು ವರ್ಷದಿಂದ ನಕ್ಕಾಗಲೆಲ್ಲ ಸೊಂಟ ಹಿಡಿದುಕೊಳ್ಳುತ್ತಿದ್ದ ಕೈ ಈಗ ಮಗಳ ತೋಳು ಹಿಡಿದಿತ್ತು.

ಸಂಜೆ ಅಂಗಡಿ ಮುಚ್ಚುವಾಗ ಮಗಳು ಅಭ್ಯಾಸಬಲದಿಂದ ಕತ್ತರಿಯನ್ನು ಟೇಪಿನ ಬಳಿ ಒಯ್ದಳು. ಅಮ್ಮ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಮೆಲ್ಲಗೆ ತೋಳೆತ್ತಿದಳು. ಅರ್ಧದಲ್ಲಿ ಒಮ್ಮೆ ನಿಂತು ಉಸಿರೆಳೆದುಕೊಂಡು, ಮೇಲಿನ ಮೊಳೆಗೆ ತೂಗಿಹಾಕಿದಳು. ಕತ್ತರಿ ಎರಡು ಸಲ ಗೋಡೆಗೆ ತಾಗಿ ಸದ್ದು ಮಾಡಿ, ಆಮೇಲೆ ನೆಟ್ಟಗೆ ನಿಂತಿತು.