ವನದುರ್ಗದ ಬಸ್ಸಿನ ಪದಬಂಧ

ಬಾಲಮ್ಮ ಪೇಪರನ್ನು ಚಿಕ್ಕದಾಗಿ ಮಡಚಿ, ಪೆನ್ನನ್ನು ಅದರೊಳಗೆ ಸಿಕ್ಕಿಸಿ, ತಲೆ ಹೊರಳಿಸದೆ ಭುಜದ ಮೇಲಿಂದ ಹಿಂದಕ್ಕೆ ಚಾಚಿದಳು. ಹಿಂದಿನ ಸೀಟಿನಲ್ಲಿದ್ದ ಬಸವಂತ್ರಾಯ ತೆಗೆದುಕೊಂಡ. ಬಸ್ಸು ಶಹಾಪುರದ ಹತ್ತಿ ಮಿಲ್ಲು ದಾಟಿ ಕಾಲುವೆಯ ಮಗ್ಗುಲಿಗೆ ಬಂದಿತ್ತು.

"ಎಡಕಿನ ಮೂಲಿ ತುಂಬವಲ್ದು ನೋಡ್ರಿ," ಎಂದಳು, ಕಿಟಕಿಗೆ ಹೇಳುವವಳಂತೆ. "ಬಿದಿರಿನ ಎಳೀ ಮೊಳಕಿ ಅಂತ. ಮೂರಕ್ಷರ."

"ಕಳಲೆ."

"ಹಂಗಂದ್ರ?"

"ಮಳಿನಾಡ ಕಡಿ ಮಂದಿ ಪಲ್ಯ ಮಾಡ್ತಾರಂತ. ನಾನೂ ಕಂಡಿಲ್ರಿ, ಓದೀನಿ ಅಷ್ಟ."

ಬಾಲಮ್ಮ ನಗುವನ್ನು ಸೆರಗಿನಲ್ಲಿ ಒತ್ತಿಕೊಂಡಳು.

ಅವಳು ವನದುರ್ಗದ ದಾರಿಯಲ್ಲಿದ್ದ ಹಳ್ಳಿಯೊಂದರ ಸಾಲೆಯಲ್ಲಿ ಟೀಚರು. ಅವನು ಅದೇ ಊರ ಹೊರಗಿನ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಹೋದ ಬೇಸಿಗೆಯಲ್ಲಿ ಅವಳು ಒಂದು ಪದಕ್ಕೆ ಒದ್ದಾಡುತ್ತಿದ್ದಾಗ ಹಿಂದಿನಿಂದ, "ಹರಿಣ ಇರಬೇಕು ನೋಡ್ರಿ," ಎಂದಿದ್ದ. ಇಣುಕಿ ನೋಡಿದನಲ್ಲ ಎಂದು ಅವಳಿಗೆ ಸಿಟ್ಟು ಬಂದಿತ್ತು. ಪದ ಮಾತ್ರ ಸರಿಯಾಗಿ ಕೂತಿತ್ತು. ಅಲ್ಲಿಂದ ಪೇಪರು ಸೀಟಿನಿಂದ ಸೀಟಿಗೆ ಓಡಾಡತೊಡಗಿತು. ಪುರಾಣದ ಹೆಸರುಗಳು ಅವಳವು, ದೂರದ ಊರುಗಳ ಪದಗಳು ಅವನವು. ಹೆಂಡತಿ ಇಲ್ಲದವನೆಂಬುದನ್ನೂ ಅವನು ಹೇಳಿದ್ದು 'ವಿಧುರ' ಎಂಬ ಪದ ತುಂಬುವಾಗಲೇ. ತನ್ನ ಸಂಗತಿಯನ್ನು ಅವಳು ಹೇಳಬೇಕಾಗಿರಲಿಲ್ಲ. ಬರಿದಾದ ಹಣೆಯೇ ಹೇಳುತ್ತಿತ್ತು.

ಭತ್ತ ಬೆಳೆಯಲು ಬಂದು ನೆಲೆಸಿದ ವಲಸೆ ರೈತರ ಕ್ಯಾಂಪಿನ ಹತ್ತಿರ ಬಸ್ಸು ನಿಂತಿತು. ಹತ್ತಿ ಬಂದ ಮುದುಕಿಯನ್ನು ಕಂಡು ಬಾಲಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಸಾಯಬಮ್ಮ, ಅವಳ ಅತ್ತಿಗೆಯ ತಾಯಿ. ಗಂಡ ತೀರಿದ ಮೇಲೆ ಬಾಲಮ್ಮ ಇದ್ದದ್ದು ಅಣ್ಣ ಮಾನಪ್ಪನ ಮನೆಯಲ್ಲಿ. ಈ ಬಸ್ಸಿನಲ್ಲಿ ಕಂಡದ್ದು ಸಂಜೆಯೊಳಗೆ ಆ ಮನೆ ಮುಟ್ಟುತ್ತಿತ್ತು.

ಸಾಯಬಮ್ಮ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಹಿಂದಿನಿಂದ ಪೇಪರು ಬಂತು, ಜೊತೆಗೆ ಮಾತೂ: "ಟೀಚರ್, ಒಂದು ನಿಮಗ ಬಿಟ್ಟೀನಿ."

ಮುದುಕಿ ಹೊರಳಿ ಅವನನ್ನು ನೋಡಿದಳು. "ಯಾರವಾ ಅಂವ? ನಿನ್ನ ಪೇಪರ್ ಅವನ ಕೈಯಾಗ ಯಾಕಿತ್ತು?"

"ಗೊತ್ತಿಲ್ಲತ್ತಿ," ಎಂದಳು ಬಾಲಮ್ಮ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. "ದಿನಾ ಹಿಂದ ಕುಂತು ಪೇಪರ್ ಕೊಡ್ರಿ ಅಂತ ಬೆನ್ನ ಹತ್ಯಾನ. ಏನ್ ಮಾಡ್ಲಿ?"

ಟಿಕೆಟ್ ಹರಿಯುತ್ತ ನಿಂತಿದ್ದ ಕಂಡಕ್ಟರ್ ಮೆಹಬೂಬನಿಗೆ ಅದು ಕೇಳಿಸಿತು. ಅವನು ಬಸವಂತ್ರಾಯನ ಭುಜ ತಟ್ಟಿದ. "ಏಳ್ರೀ ಸಾಹೇಬ್ರ. ಹೆಣ್ಣುಮಕ್ಕಳ ಹಿಂದ ಕುಂತು ಇದೇನು ನಡ್ಸೀರಿ? ವಯಸ್ಸಿನ ಖಬರ್ ಬ್ಯಾಡೇನು? ಹಿಂದ ಹೋಗ್ರಿ."

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಯಾರೋ ಕಿಸಕ್ಕೆಂದರು. ಇಲ್ಲ ಎಂಬ ಅವಳ ಒಂದು ಮಾತು ಸಾಕಿತ್ತು. ಬಾಲಮ್ಮ ಕಿಟಕಿಯಾಚೆ ನೋಡುತ್ತ ಕೂತಳು. ಅವಳ ಪೆನ್ನು ಬಸವಂತ್ರಾಯನ ಕೈಯಲ್ಲೇ ಉಳಿದಿತ್ತು; ಮುಚ್ಚಳ ಹಾಕಿ ಸೀಟಿನ ಅಂಚಿನ ಮೇಲಿಟ್ಟ. ಬುತ್ತಿಯ ಚೀಲ ಎತ್ತಿಕೊಂಡು ಕಡೆಯ ಸಾಲಿಗೆ ಹೋದ.

ಸಾಲೆಯಲ್ಲಿ ಅವಳು ಪೇಪರು ಬಿಚ್ಚಿದಳು. ಎಲ್ಲ ಮನೆಗಳನ್ನೂ ತುಂಬಿ, ಎರಡಕ್ಷರದ ತೀರ ಸುಲಭದ ಪದವೊಂದನ್ನು ಬಿಟ್ಟಿದ್ದ. ಮುಗಿಸುವ ಸುಖ ಅವಳಿಗಿರಲೆಂದು ದಿನವೂ ಹಾಗೆ ಬಿಡುತ್ತಿದ್ದ. ಬರೆಯಲು ಅವಳ ಕೈ ಏಳಲಿಲ್ಲ.

ಮರುದಿನ ಅವನು ಬಸ್ಸಿನಲ್ಲಿರಲಿಲ್ಲ. ಕಾಲುವೆಯ ತಿರುವಿನಲ್ಲಿ, ಸೈಕಲ್ ತುಳಿಯುತ್ತ ಹೊರಟವನು ಕಿಟಕಿಯಿಂದ ಕಂಡ. ಬಸ್ಸಿನ ಧೂಳು ಅವನನ್ನು ಮುಚ್ಚಿತು.

"ಕಾಟ ತಪ್ಪಿತಲ್ರಿ ಟೀಚರ್?" ಎಂದ ಮೆಹಬೂಬ, ಉಪಕಾರ ಮಾಡಿದ ಸಮಾಧಾನದಲ್ಲಿ.

"ಹೂಂ," ಎಂದಳು. ಆ 'ಹೂಂ' ಮೊದಲ ಸುಳ್ಳಿಗಿಂತ ಹೊಲಸಾಗಿ ಕೇಳಿಸಿತು ಅವಳಿಗೇ.

ಅವತ್ತು ಸಂಜೆ ಉಣ್ಣುವಾಗ ಮಾನಪ್ಪ ತಾನಾಗಿ ಮಾತು ತೆಗೆದ. "ಅತ್ತಿ ಎಲ್ಲಾ ಹೇಳ್ಯಾಳ. ಕಾಲುವಿ ಆಫೀಸಿನಾಂವಂತ ಅಂವ. ನಾಳಿ ಅವನ ಆಫೀಸಿಗಿ ಹೋಗ್ತೀನಿ. ಸಾಹೇಬ್ರ ಮುಂದ ನಿಲ್ಲಿಸಿ ಕೇಳ್ತೀನಿ. ಊರ ಬಿಡ್ಬೇಕು ಆ ಮಗಾ."

ಬಾಲಮ್ಮ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟಳು. "ಬ್ಯಾಡಣ್ಣ. ಅಂವ ಪೇಪರ್ ಕೇಳಿಲ್ಲ. ನಾನ ಕೊಡ್ತಿದ್ದೆ."

ರೊಟ್ಟಿ ಬಡಿಯುತ್ತಿದ್ದ ಅತ್ತಿಗೆ ಮಲ್ಲಿಕಮ್ಮನ ಕೈ ನಿಂತಿತು.

"ನೀನ?" ಎಂದ ಮಾನಪ್ಪ.

"ಪದಬಂಧ ತುಂಬಾಕ. ನನಗ ಬರಲಾರದ್ದು ಅಂವ ಹೇಳ್ತಿದ್ದ."

"ದಿನಾ?"

"ಹೂಂ. ದಿನಾ."

ಮಾನಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ಮಲ್ಲಿಕಮ್ಮ ಹೆಂಚಿನ ಕಡೆ ನೋಡುತ್ತ, "ಇದನ್ನ ನಮ್ಮವ್ವನ ಮುಂದ ಹೇಳಬೇಕಿತ್ತು," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬಾಲಮ್ಮನಿಗೆ ಹಗುರಾಗುತ್ತಿತ್ತೋ ಏನೋ.

ಬೆಳಿಗ್ಗೆ ಅಣ್ಣ ಅವಳೊಡನೆ ಮಾತಾಡಲಿಲ್ಲ. ಕಾಲುವೆ ಆಫೀಸಿಗೂ ಹೊರಡಲಿಲ್ಲ.

ಬಸ್ಸು ಕಾಲುವೆಯ ಸೇತುವೆಗೆ ಬಂದಾಗ ಅವಳು ಎದ್ದು ನಿಂತಳು. "ಇಲ್ಲೇ ಇಳಿಸ್ರಿ."

"ಸಾಲಿ ಇನ್ನಾ ದೂರ ಐತಲ್ರಿ," ಎಂದ ಮೆಹಬೂಬ.

"ಮೊನ್ನಿ ನಾ ಹೇಳಿದ್ದು ಸುಳ್ಳ," ಎಂದಳು, ಬಾಗಿಲ ಕಂಬಿ ಹಿಡಿದು, ಮುಂದಿನ ಸೀಟಿನವರಿಗೆಲ್ಲ ಕೇಳುವಷ್ಟು. "ಆ ಮನಶ್ಯಾಂದು ಏನೂ ತಪ್ಪಿಲ್ಲ. ಪೇಪರ್ ನಾನ ಕೊಡ್ತಿದ್ದೆ."

ಮೆಹಬೂಬ ಅವಳ ಮುಖ ನೋಡಿದ. ಸೀಟಿ ಊದಿದ.

ಅವಳು ಸೇತುವೆಯ ಕಟ್ಟೆಯ ಬಳಿ ಕಾದಳು. ಬಸವಂತ್ರಾಯ ಎದುರುಗಾಳಿಗೆ ತುಳಿಯುತ್ತ ಬಂದ. ಅವಳನ್ನು ಕಂಡು ಇಳಿದ. ಇಳಿದದ್ದು ಮರ್ಯಾದೆಗೋ ಸೇತುವೆಯ ಏರು ದಾರಿಗೋ ತಿಳಿಯಲಿಲ್ಲ. ಅವನ ಮುಖವನ್ನು ಅವಳು ಇಷ್ಟು ಹತ್ತಿರದಿಂದ ಎದುರಿಗೆ ನೋಡಿದ್ದು ಇದೇ ಮೊದಲು. ಅಂದುಕೊಂಡಿದ್ದಕ್ಕಿಂತ ವಯಸ್ಸಾಗಿತ್ತು.

"ನಿಮ್ಮ ಮಾನ ಕಳದೆ," ಎಂದಳು. ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಉಳಿದ ಮಾತುಗಳು ಬರಲಿಲ್ಲ.

ಅವನು ಸೈಕಲ್ಲಿನ ಬೆಲ್ಲಿನ ಮೇಲಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. "ಬಸ್ಸಿನ್ಯಾಗ ನಮ್ಮ ಆಫೀಸಿನ ಹುಡುಗೂರೂ ಇದ್ರು," ಎಂದ. ಆಮೇಲೆ, "ನಡೀರಿ, ಸಾಲಿ ಹೊತ್ತಾತು."

ಅವನು ಮತ್ತೆ ಸೈಕಲ್ ಹತ್ತಲಿಲ್ಲ. ನಡುವೆ ಸೈಕಲ್ಲನ್ನಿಟ್ಟುಕೊಂಡು ಇಬ್ಬರೂ ಕಾಲುವೆಯ ಏರಿಯ ಮೇಲೆ ನಡೆದರು. ಕೆಳಗೆ ಗದ್ದೆಯಲ್ಲಿ ಸಸಿ ನೆಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ, ಕೆಸರುಗೈಯನ್ನು ಹಣೆಗೆ ಅಡ್ಡ ಹಿಡಿದು, ಅವರು ಮರೆಯಾಗುವ ತನಕ ನೋಡಿದರು.