ಮೊಳೆಗೆ ನೇತಾಡುವ ಮೌಸು

ತಾನು ಕಟ್ಟಿದ ಜಾಲತಾಣ ಮುಗಿಯಿತೆಂದು ಅನ್ನಿಸಿದೊಡನೆ ಶ್ರೀಲಕ್ಷ್ಮಿ ಮೌಸನ್ನು ಕಿತ್ತು ಗೋಡೆಯ ಮೊಳೆಗೆ ನೇತುಹಾಕುತ್ತಾಳೆ. ಆಮೇಲೆ ಹೆಡ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ, ಬರೀ ಕೀಲಿಗಳನ್ನೊತ್ತುತ್ತ ಪುಟದಿಂದ ಪುಟಕ್ಕೆ ತಡಕಾಡುತ್ತ ನಡೆಯುತ್ತಾಳೆ. ಶಿರಸಿಯಲ್ಲಿ ಅವಳು ಕೆಲಸ ಮಾಡುವ ಮಹಡಿಯ ಕೋಣೆಗೆ ಹೊಸದಾಗಿ ಬಂದವರು ಇವಳಿಗೆ ನಿದ್ದೆ ಹತ್ತಿತೆಂದು ತಿಳಿದು ಮೆಲ್ಲಗೆ ಕೆಮ್ಮುವುದುಂಟು. ಅವಳು ಕಣ್ಣು ತೆರೆಯದೆಯೇ ಕುರ್ಚಿಯತ್ತ ಕೈ ತೋರಿಸುತ್ತಾಳೆ.

ಹಾಗೆಂದು ಚೆಲುವಿನ ವಿಷಯದಲ್ಲಿ ಅವಳು ವಿರಾಗಿಣಿಯಲ್ಲ, ಸೀರೆಗೆ ಹೊಂದದ ಪೆನ್ನನ್ನೂ ಮುಟ್ಟದ ಅಲಂಕಾರಪ್ರಿಯೆ. ಕನ್ನಡದ ಅಕ್ಷರಗಳು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವಷ್ಟರಲ್ಲಿ ಕೈಕಾಲು ಮುರಿದುಕೊಳ್ಳುತ್ತಿದ್ದ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಉಪಾಯವನ್ನು ಅವಳು ಕಲೆಯನ್ನಾಗಿಸಿದ್ದಳು: ಪ್ರತಿ ಸಾಲನ್ನೂ ಕುಂಚದಲ್ಲಿ ಬರೆದು, ಚಿತ್ರವಾಗಿಸಿ ಅಂಟಿಸುವುದು. 2009ರಲ್ಲಿ ಯಲ್ಲಾಪುರದ ಸಂಗೀತಶಾಲೆಯೊಂದಕ್ಕೆ ಹಾಗೆಯೇ ಮಾಡಿದಳು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು.

ಶಾಲೆಯ ಗುರು ನಾಗಪತಿ ಭಟ್ಟರು ಹುಟ್ಟುಕುರುಡರು. ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವನ್ನು ಆಗಷ್ಟೇ ಕಲಿತಿದ್ದರು. ಉದ್ಘಾಟನೆಯ ಸಭೆಯಲ್ಲಿ ತಮ್ಮ ಶಾಲೆಯ ತಾಣವನ್ನು ಯಾರ ಹಂಗೂ ಇಲ್ಲದೆ ತಾವೇ ಓದಿಸಬೇಕೆಂಬುದು ಅವರ ಆಸೆ. ಹಿಂದಿನ ದಿನ ಅಭ್ಯಾಸಕ್ಕೆಂದು ಶಿರಸಿಗೆ ಬಂದು ಕೀಲಿ ಒತ್ತಿದರೆ ಯಂತ್ರ “ಚಿತ್ರ, ಚಿತ್ರ, ಚಿತ್ರ” ಎಂದಿತೇ ಹೊರತು ಬೇರೇನೂ ಹೇಳಲಿಲ್ಲ.

“ತಂಗೀ, ಎನ್ನ ಶಾಲೆಲಿ ಎಂಗೇ ಒಂದಕ್ಷರವೂ ಸಿಕ್ಕಿದ್ದಿಲ್ಲೆ” ಎಂದರು, ಬೇಸರವನ್ನು ನಗೆಯಲ್ಲಿ ಮುಚ್ಚಿ.

ಶ್ರೀಲಕ್ಷ್ಮಿ ಮೌಸನ್ನು ಕಿತ್ತು, ಕಣ್ಣು ಮುಚ್ಚಿ ತಾನೇ ಕೀಲಿ ಒತ್ತಿ ನೋಡಿದಳು. ಮೌಸು ಮೊದಲ ಸಲ ಮೊಳೆ ಸೇರಿದ್ದು ಆಗಲೇ.

ಭಟ್ಟರ ಜೊತೆಗೆ ಬಂದಿದ್ದ ಶಾಲೆಯ ಕಾರ್ಯದರ್ಶಿ ರಘುಪತಿಗೆ ಕುಂಚದ ಸಾಲುಗಳನ್ನು ತೆಗೆಯುವುದು ಸರಿಬರಲಿಲ್ಲ. “ಸಾದಾ ಅಕ್ಷರ ಹಾಕಿರೆ ಪಂಚಾಯ್ತಿ ನೋಟೀಸು ಕಂಡಾಂಗೆ ಕಾಣ್ತು.”

“ಹಂಗೆ ಕಾಣಲೆ ಆನು ಬಿಡ್ತ್ನಿಲ್ಲೆ, ರಘುಪತಣ್ಣ.”

ಬಿಡಲೂ ಇಲ್ಲ. ಪುಟಗಳಿಗೆ ತಾನು ಬಿಡಿಸಿದ್ದ ಬಳ್ಳಿಯ ಚಿತ್ತಾರವನ್ನೂ ಬಣ್ಣವನ್ನೂ ಉಳಿಸಿಕೊಂಡು, ಕುಂಚದ ಸಾಲುಗಳನ್ನು ಮಾತ್ರ ತೆಗೆದು ಯಂತ್ರ ಓದಬಲ್ಲ ಅಕ್ಷರಗಳನ್ನಿಟ್ಟಳು. ಸುತ್ತ ಧಾರಾಳವಾಗಿ ಜಾಗ ಬಿಟ್ಟಳು. ಉಳಿದ ಪ್ರತಿ ಚಿತ್ರದ ಬೆನ್ನಿಗೂ ಅದರಲ್ಲೇನಿದೆಯೆಂದು ಕಿವಿಗೆ ಹೇಳುವ ಒಂದು ಸಾಲು ಕಟ್ಟಿದಳು.

ಮರುದಿನ ಸಭೆಯಲ್ಲಿ ಭಟ್ಟರ ಬೆರಳು ಸರಾಗವಾಗಿ ಸಾಗಿ, ಅವರದೇ ಭಾವಚಿತ್ರದ ಮೇಲೆ ನಿಂತಿತು. ಯಂತ್ರ ಓದಿತು: “ನಾಗಪತಿ ಭಟ್ಟರು ಹಾಡುತ್ತಿದ್ದಾರೆ. ಎಡಗೈ ಕಿವಿಯ ಬಳಿ, ತುಟಿಯಲ್ಲಿ ನಗು.”

ಅವರು ಮತ್ತೊಮ್ಮೆ ಅದೇ ಕೀಲಿ ಒತ್ತಿದರು. ಆಮೇಲೆ ಮೆಲ್ಲಗೆ, “ಆನು ಹಾಡಕಾದ್ರೆ ನಗ್ತೆ ಹೇಳಿ ಇಷ್ಟು ವರ್ಷ ಯಾರೂ ಹೇಳಿದ್ವಿಲ್ಲೆ” ಎಂದರು. ರಘುಪತಿ ಕನ್ನಡಕ ತೆಗೆದು ಒರೆಸಿಕೊಂಡರು.

ಚೆಂದವನ್ನು ಬಲ್ಲವರು ನಮ್ಮಲ್ಲಿ ಹೇರಳ. ಶ್ರೀಲಕ್ಷ್ಮಿಯಂಥವರು ವಿರಳ: ತಾವು ಕಟ್ಟಿದ ಚೆಂದದೊಳಗೆ ಕಣ್ಣು ಮುಚ್ಚಿ ನಡೆದು, ಯಾರಿಗೆ ಬಾಗಿಲು ಸಿಗಲಿಲ್ಲವೆಂಬುದನ್ನು ತಾವೇ ಎಡವಿ ತಿಳಿದುಕೊಳ್ಳುವವರು.