ಎಡ ಪೆಡಲಿನ ಸದ್ದು

ಮೇಲಿನ ಕಡ್ಡಿಗಳು ಕಾಣುವುದಿಲ್ಲ, ಕೆಳಗಿನವು ಕಾಣುತ್ತವೆ — ಎದುರಿಗೆ ದಾಟಿಹೋದ ಆ ಚೆಂಡುಹೂವಿನ ಸೈಕಲ್ಲಿನ ಗಾಲಿ, ಮೇಲರ್ಧ ಬರೀ ಬೂದು ಹೊಗೆ, ನೆಲದ ಹತ್ತಿರ ಮಾತ್ರ ಕಡ್ಡಿ ಕಡ್ಡಿ ಎಣಿಸಬಹುದು, ಯಾಕೆಂದರೆ ನೆಲಕ್ಕೆ ತಾಗಿದ ಆ ಒಂದು ಬಿಂದು ಆ ಗಳಿಗೆಗೆ ನಿಂತೇ ಇರುತ್ತದೆ, ಓಡುವ ಸೈಕಲ್ಲಿನಲ್ಲೂ ನಿಂತ ಜಾಗವೊಂದಿದೆ, ಇದನ್ನು ಹತ್ತನೆಯ ತರಗತಿಗೆ ಹೇಳಬೇಕು ಅಂದುಕೊಂಡ ಓಬಳೇಶ, ಅಂದುಕೊಂಡು ತನ್ನದನ್ನು ತಳ್ಳುತ್ತಲೇ ಇದ್ದ, ಹತ್ತದೆ, ಹತ್ತಿದರೆ ಅದು ಸದ್ದು ಮಾಡುವುದಿಲ್ಲ, ಸದ್ದು ಮಾಡದ ಸೈಕಲ್ಲನ್ನು ತುಳಿಯುವುದಕ್ಕೆ ಇವತ್ತು ಕಾಲೇ ಏಳುತ್ತಿಲ್ಲ. ಹಡಗಲಿಯ ಬಜಾರಿನಲ್ಲಿ ಕಬ್ಬಿಣವೆಂಬ ಕಬ್ಬಿಣವೆಲ್ಲ ಕುಂಕುಮ ಹಚ್ಚಿಕೊಂಡು ಕೂತಿದೆ, ತಕ್ಕಡಿ, ಹೊಲಿಗೆ ಮಷಿನ್ನು, ಬಸ್ಸಿನ ಮೂತಿ, ಕ್ಷೌರದ ಕತ್ತಿ ಕೂಡ, ಆಯುಧಪೂಜೆಯ ಈ ಬೆಳಿಗ್ಗೆ ಬರಿ ಹಣೆಯಲ್ಲಿರುವುದು ಇದೊಂದೇ, ಯಾಕ್ರೀ ಮಾಸ್ತರ, ನಿಮ್ಮ ಗಾಡಿಗೆ ಹಬ್ಬ ಇಲ್ಲೇನು ಎಂದು ಯಾರೋ ಕೂಗಿದರು, ಸುಮ್ನಿರಲೇ, ಅದು ಕೊಟ್ರಂದು ಎಂದು ಇನ್ಯಾರೋ ಬಾಯಿ ಮುಚ್ಚಿಸಿದರು. ಕೊಟ್ರ ಅಂದರೆ ಕೊಟ್ರಬಸಪ್ಪ, ಹೆಂಡತಿ ಪಾಲಮ್ಮನ ತಮ್ಮ. ಸತ್ತವನ ಮನೆಗೆ ವರ್ಷ ತುಂಬುವತನಕ ಹಬ್ಬವಿಲ್ಲ, ಆದರೆ ಆ ಕಟ್ಟು ತವರಿಗೆ, ಕೊಟ್ಟ ಹೆಣ್ಣಿನ ಮನೆಗಲ್ಲ, ಹಾಗಾದರೆ ತವರಿನಿಂದ ಬಂದ ಸೈಕಲ್ಲಿಗೆ? ನಿಜಕ್ಕೂ ತಿಳಿಯಬೇಕೆನಿಸಿ ಅತ್ತೆ ಗಾಳೆಮ್ಮನನ್ನು ಕೇಳಿದ್ದ, ಆಕೆ ಒಂದು ಗಳಿಗೆ ಯೋಚಿಸಿ, ನಿಮಗ ಕಟ್ಟಿಲ್ಲ ಅಳಿಯಂದ್ರ, ಸೈಕಲ್ಲಿಗೆ ಐತಿ, ಅದು ಈ ಮನಿದು ಅಂದಿದ್ದಳು, ಮಗ ಹೋಗಿ ಎರಡೇ ತಿಂಗಳು, ಆದರೂ ಎಷ್ಟು ನಿಖರ, ಮಾಪನದಲ್ಲಿ ಒಂದು ದಶಾಂಶ ಆಚೀಚೆ ಇಲ್ಲ.

ಅವನೂ ಹಾಗೇ ಇದ್ದ, ಕೊಟ್ರ, ಮಾಗಳದಿಂದ ದಿನಾ ನಸುಕಿಗೆ, ಒದ್ದೆ ಗೋಣಿ ಸುತ್ತಿದ ಮಲ್ಲಿಗೆ ಮೊಗ್ಗಿನ ಬುಟ್ಟಿಯನ್ನು ಹಿಂದೆ ಬಿಗಿದು, ಮೊದಲ ಬಸ್ಸು ಹೊರಡುವ ಮೊದಲೇ ಬುಟ್ಟಿ ಮೇಲೇರಿಸಿ, ತಿರುಗಿ ಹೋಗುವಾಗ ಅಕ್ಕನ ಕಿಟಕಿಯಲ್ಲಿ ಒಂದು ಬೊಗಸೆ, ಮಾತಿಲ್ಲ ಕತೆಯಿಲ್ಲ, ಯಕ್ಕಾ ಅಂತ ಒಂದು ಕೂಗು ಅಷ್ಟೆ — ಆದರೆ ಆ ಕೂಗಿಗೂ ಮೊದಲು, ಓಬಳೇಶನ ಕಿವಿಗೆ ಏನೇನೂ ಬೀಳುವ ಮೊದಲು, ಪಾಲಮ್ಮ ಹಾಸಿಗೆಯಲ್ಲೇ ತಲೆ ಎತ್ತಿ, ಬಂದ ನೋಡ್ರಿ ಅನ್ನುತ್ತಿದ್ದಳು, ಯಾರು? ಕೊಟ್ರ. ನಿನಗೆಂಗ ಗೊತ್ತು? ಕೇಳ್ರಿ, ಟಕ್ ಅಂತೈತಿ. ಆಮೇಲೆ ಕೇಳುತ್ತಿತ್ತು, ಎಡ ಪೆಡಲಿನಿಂದ, ಸುತ್ತಿಗೊಂದು. ಲೆಕ್ಕ ಹಾಕಿದ್ದ ಒಮ್ಮೆ, ಮುಂದಿನ ಚಕ್ರಕ್ಕೆ ನಲವತ್ತೆಂಟು ಹಲ್ಲು, ಹಿಂದಿನದಕ್ಕೆ ಹದಿನೆಂಟು, ಹನ್ನೊಂದು ಕಿಲೋಮೀಟರು ಅಂತಿಟ್ಟುಕೊಂಡರೆ ಮಾಗಳದಿಂದ ಇಲ್ಲಿಗೆ ಹೆಚ್ಚುಕಡಿಮೆ ಸಾವಿರದ ಎಂಟುನೂರ ಎಪ್ಪತ್ತು ಟಕ್ಕು, ಹೇಳಿದರೆ ಕೊಟ್ರ ನಕ್ಕಿದ್ದ, ಮಾವಾ, ನೀವು ಎಣಸಾಕ ಹುಟ್ಟೀರಿ, ನಾನು ತುಳಿಯಾಕ. ಶ್ರಾವಣದಲ್ಲಿ ಹೊಳೆ ತುಂಬಿದಾಗ ಆಚೆ ದಂಡೆಯ ಮೊಗ್ಗು ತರುವುದಕ್ಕೆ ಹರಿಗೋಲು ಹತ್ತಿದ, ಹರಿಗೋಲು ಮಗುಚಿತು, ಮೂರನೆಯ ದಿನ ಸಿಕ್ಕ. ಸೈಕಲ್ಲು ಈಚೆ ದಂಡೆಯಲ್ಲಿ ಜಾಲಿಗಿಡದ ಕೆಳಗೆ ಸ್ಟ್ಯಾಂಡು ಹಾಕಿಕೊಂಡು ನಿಂತೇ ಇತ್ತು, ಖಾಲಿ ಬುಟ್ಟಿಯ ಸಮೇತ. ಇದು ಕಣ್ಣಾಗ ಚುಚ್ಚತೈತಿ ಅಳಿಯಂದ್ರ, ಒಯ್ದುಬಿಡ್ರಿ ಅಂದಳು ಗಾಳೆಮ್ಮ, ಒಯ್ದ, ಆವತ್ತು ಅದನ್ನು ತುಳಿದು ತಂದ ಸಂಜೆ, ಮನೆ ಮುಂದೆ ಇಳಿದಾಗ, ಪಾಲಮ್ಮ ಹೊಸ್ತಿಲಲ್ಲಿ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಎದ್ದು ಬಂದಿದ್ದಳು, ಅವನನ್ನು ನೋಡಿದಳು, ತಿರುಗಿ ಒಳಗೆ ಹೋದಳು, ಹೊಸ್ತಿಲ ಕಲ್ಲಿನ ಮೇಲೆ ಒಂದು ಒದ್ದೆ ಹೆಜ್ಜೆ ಉಳಿಯಿತು. ಒಂದೇ.

ಮರುದಿನವೂ ಒಂದೇ, ಅದರ ಮರುದಿನವೂ, ಶಾಲೆಯಿಂದ ಬಂದರೆ ಪಾಲಮ್ಮ ಬಾಗಿಲಿಗೆ ಬರುವುದು, ತಿರುಗುವುದು, ಆ ಹೆಜ್ಜೆ — ಹಿಮ್ಮಡಿಯ ಕಡೆಯಿಂದ ಆರುತ್ತ ಬಂದು ಕೊನೆಗೆ ಬೆರಳುಗಳ ಐದು ಚುಕ್ಕೆ ಉಳಿದು ಅವೂ ಹೋಗುತ್ತವೆ, ಹಿಮ್ಮಡಿ ಮೊದಲು ಯಾಕೆ, ಭಾರವೆಲ್ಲ ಬೆರಳ ಮೇಲಿತ್ತೋ, ಮುಂದಕ್ಕೆ ಬಾಗಿ ನಿಂತಿದ್ದಳೋ, ಮನುಷ್ಯರಿಗೆ ಎರಡು ಕಾಲು, ಇನ್ನೊಂದರ ಗುರುತು ಎಲ್ಲಿ? ನೋಡುತ್ತ ನಿಲ್ಲುತ್ತಿದ್ದ. ಅವಳನ್ನು ಕೇಳಬಹುದಿತ್ತು, ಆದರೆ ಎರಡು ತಿಂಗಳಲ್ಲಿ ಅವಳು ತಮ್ಮನ ಹೆಸರು ಎತ್ತಿಲ್ಲ, ಅತ್ತಿಲ್ಲ, ಉಣ್ಣು ಅಂದರೆ ಉಂಡಳು, ಮಲಗು ಅಂದರೆ ಮಲಗಿದಳು, ಮಗ್ಗುಲ ಮನೆಯ ನಾಗಕ್ಕ ಬಂದು ತೊಡೆ ಮೇಲೆ ಕೈಯಿಟ್ಟು, ಅತ್ತುಬಿಡು ನಮ್ಮವ್ವ, ಒಳಗ ಇಟ್ಕಂಡ್ರ ಹುಳಿತೈತಿ ಅಂದರೂ, ಹೂಂ ಅಷ್ಟೆ. ಅವನಿಗೆ ಮಾತು ಬರುತ್ತಿರಲಿಲ್ಲ, ಪಾಠ ಬರುತ್ತಿತ್ತು, ಸಮಾಧಾನ ಬರುತ್ತಿರಲಿಲ್ಲ. ಸೈಕಲ್ಲಿಗೆ ಮಾತು ಬೇಕಿರಲಿಲ್ಲ. ಭಾನುವಾರ ಅಂಗಳದಲ್ಲಿ ಗೋಣಿ ಹಾಸಿ ಹಿಂದಿನ ಗಾಲಿ ಬಿಚ್ಚಿದರೆ ಎಡಕ್ಕೆ ಒಂಬತ್ತು ಗುಂಡು, ಬಲಕ್ಕೆ ಒಂಬತ್ತು, ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿಟ್ಟರೆ ಪ್ರತಿಯೊಂದರಲ್ಲೂ ಒಂದೊಂದು ಪುಟ್ಟ ಆಕಾಶ, ಬಿಚ್ಚಿದ್ದನ್ನು ತಿರುಗಿ ಜೋಡಿಸಬಹುದು, ಜೋಡಿಸಿದರೆ ಮೊದಲಿನಂತೆ ಓಡುತ್ತದೆ, ಇಂಥದ್ದು ಲೋಕದಲ್ಲಿ ಇನ್ನೇನಿದೆ. ಹಗರಿಬೊಮ್ಮನಹಳ್ಳಿ ದಾರಿ ಹಿಡಿದು ಸುಮ್ಮನೆ ತುಳಿಯುತ್ತಿದ್ದ, ಎದೆಯ ಕಲ್ಲು ತೊಡೆಗೆ ಇಳಿಯುತ್ತಿತ್ತು, ಹಸಿವಾಗುತ್ತಿತ್ತು, ಹಸಿವಾದದ್ದಕ್ಕೆ ನಾಚಿಕೆಯಾಗುತ್ತಿತ್ತು, ತಿರುಗಿ ಬಂದರೆ ಅವಳು ಬಾಗಿಲಲ್ಲಿ — ನನಗಾಗಿ ಬರುತ್ತಿದ್ದಾಳೆ, ದಿನಕ್ಕೊಂದು ಹೆಜ್ಜೆಯಂತೆ ಬದುಕಿಗೆ ಬರುತ್ತಿದ್ದಾಳೆ, ಹೀಗೆಂದು ನಂಬಿದ್ದ, ಬಳ್ಳಾರಿಯಲ್ಲಿ ಮೂರು ವರ್ಷ ವಿಜ್ಞಾನ ಓದಿದವನು ಎಂಥ ಪ್ರಯೋಗ ಮಾಡಿದ, ಎರಡು ಕಾರಣಗಳನ್ನು ಬೇರ್ಪಡಿಸದೇ ಫಲಿತಾಂಶ ಬರೆದುಕೊಂಡ.

ಮೊನ್ನೆ, ಹಬ್ಬ ಹತ್ತಿರ ಬಂತು, ಊರೆಲ್ಲ ತೊಳೆದು ತಿಕ್ಕುತ್ತಿದೆ, ಪೂಜೆ ಇಲ್ಲದಿದ್ದರೇನು, ಗ್ರೀಸಿಗೆ ಯಾವ ಸೂತಕ ಎಂದುಕೊಂಡು ಬಸ್ ಸ್ಟ್ಯಾಂಡಿನ ಬಳಿಯ ಸುಂಕಪ್ಪನ ಅಂಗಡಿಗೆ ಒಯ್ದ. ಸುಂಕಪ್ಪ ಎಡ ಪೆಡಲು ಅಲುಗಿಸಿ ನೋಡಿ, ಪಿನ್ನು ಸವದೈತ್ರಿ ಮಾಸ್ತರ, ಅದಕ್ಕ ಬಡಿತೈತಿ ಅಂದ, ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಬೆರಳುದ್ದದ ಕಾಟರ್ ಪಿನ್ನು, ಸುತ್ತಿಗೆಯಲ್ಲಿ ಎರಡೇಟು, ಹಳೆಯದು ಡಬ್ಬಿಗೆ, ಹೊಸದು ಒಳಗೆ. ಎಂಥ ನುಣುಪು! ಎಣ್ಣೆಯ ಮೇಲೆ ಎಣ್ಣೆ ಜಾರಿದ ಹಾಗೆ ಮನೆ ಮುಟ್ಟಿದ, ಹೊಸ್ತಿಲಲ್ಲಿ ಯಾರೂ ಇಲ್ಲ, ಒಳಗೆ ಹೋದ, ಅಕ್ಕಿ ಕೇರುತ್ತಿದ್ದವಳು ಬೆಚ್ಚಿ, ಯಾರು... ನೀವಾ, ಯಾವಾಗ ಬಂದ್ರಿ, ಸೈಕಲ್ಲ ಎಲ್ಲೈತಿ? ಇಲ್ಲೇ ಐತಿ, ಸರಿ ಮಾಡಿಸಿದೆ, ಆ ಟಕ್ ಟಕ್ ಹೋತು ನೋಡು — ಹೆಮ್ಮೆಯಿಂದ ಹೇಳಿದ್ದ, ಅದು ಈಗಲೂ ಕಿವಿಯಲ್ಲಿ ಸುಡುತ್ತದೆ, ಹೆಮ್ಮೆಯಿಂದ. ಹೋತಾ ಅಂದಳು. ಮೊರ ಕೆಳಗಿಟ್ಟಳು. ಆ ಹೊತ್ತಿನಿಂದ ಅನ್ನ ಮುಟ್ಟಿಲ್ಲ, ನಿನ್ನೆ ಇಡೀ ದಿನ ಗೋಡೆಗೆ ಮುಖ, ನಿನ್ನೆ ಸಂಜೆ ಹೊಸ್ತಿಲ ಕಲ್ಲು ಒಣಗಿಯೇ ಇತ್ತು, ಆ ಒಣಕಲ್ಲನ್ನು ನೋಡುತ್ತ ನಿಂತಾಗ ತಿಳಿಯಿತು. ಅವಳು ಬಂದದ್ದು ಸದ್ದಿಗೆ. ಓಡಿ ಬರುತ್ತಿದ್ದಳು, ಒಂದು ಕಾಲು ಹೊಸ್ತಿಲಿಗೆ ಇಟ್ಟು ಕಣ್ಣೆತ್ತಿದರೆ ಸೈಕಲ್ಲಿನ ಮೇಲೆ ತಮ್ಮನಲ್ಲ, ಗಂಡ, ಎರಡನೆಯ ಕಾಲು ಬರಲೇ ಇಲ್ಲ, ಎರಡು ತಿಂಗಳು ದಿನಾ ಅವಳನ್ನು ಓಡಿಸಿ ತಂದು ನಿಲ್ಲಿಸಿದವನು ತಾನು. ನೋವಾಯಿತೋ? ಆಯಿತು, ಆದರೆ ನೋವಿಗಿಂತ ಒಂದು ಕೂದಲೆಳೆ ಮೊದಲು ಆಶ್ಚರ್ಯ, ಒಂದು ಸದ್ದಿನಲ್ಲಿ ಒಬ್ಬ ಮನುಷ್ಯ ಎಷ್ಟು ದಿನ ಇರಬಲ್ಲ, ಸವೆದ ಕಬ್ಬಿಣದ ಯಾವ ಮೂಲೆಯಲ್ಲಿ ಕೂತಿರುತ್ತಾನೆ.

ಸುಂಕಪ್ಪನ ಅಂಗಡಿ ಬಂತು. ಸುತ್ತಿಗೆ, ನಟ್ಟು ತಿರುವುವ ಪಾನ, ಇಕ್ಕಳ ಎಲ್ಲ ಗೋಣಿಯ ಮೇಲೆ ವಿಭೂತಿ ಬಳಿದುಕೊಂಡು ಸಾಲಾಗಿ ಮಲಗಿವೆ, ಪಂಪಿನ ಕೊರಳಿಗೂ ಹಾರ, ಬರ್ರಿ ಮಾಸ್ತರ, ಮಂಡಕ್ಕಿ ತಗೋರಿ, ಗಾಡಿ ಮತ್ತ ಏನಂತು? ಏನೂ ಅನ್ನವಲ್ಲದು ಸುಂಕಪ್ಪ, ಅದ ತೊಂದರಿ, ಹಳೇ ಪಿನ್ನು ಬೇಕಾಗಿತ್ತು. ಸುಂಕಪ್ಪ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ, ಮೂವತ್ತು ವರ್ಸದಾಗ ಸದ್ದು ಬೇಕು ಅಂತ ಬಂದಾವ್ರು ನೀವ ಮೊದಲು, ಮಂದಿ ಸದ್ದು ತಗೀರಿ ಅಂತಾರ. ಪಾಲಮ್ಮ... ಅಂದ ಓಬಳೇಶ, ಸುಂಕಪ್ಪ ಎದ್ದು ತುಕ್ಕು ಹಿಡಿದ ಡಬ್ಬಿ ತಂದು ಮುಂದಿಟ್ಟ, ಇದಕ್ಕ ಪೂಜಿ ಮಾಡಿಲ್ಲ, ಕಸ ಇದು, ಹುಡುಕ್ಕೊಳ್ರಿ, ಆದ್ರ ಹಾಕಿಕೊಡು ಅನಬ್ಯಾಡ್ರಿ, ಪೂಜಿಗೆ ಇಟ್ಟ ಸಾಮಾನು ನಾಳಿತನ ಮುಟ್ಟಂಗಿಲ್ಲ. ಡಬ್ಬಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಪಿನ್ನು, ಒಂದೊಂದರ ಸವಕಳಿ ಒಂದೊಂದು ಥರ, ಒಂದು ಓರೆ, ಒಂದು ಮೆಟ್ಟಿಲು, ಇಷ್ಟು ಜನ ಇಷ್ಟು ಥರ ತುಳಿದಿದ್ದಾರಲ್ಲ, ಕೊಟ್ರನದರಲ್ಲಿ ಉಗುರು ಒತ್ತಿದಂಥ ಹೊಳೆಯುವ ಅರ್ಧಚಂದ್ರ ಇತ್ತು, ಒಂದೇ ಕ್ಷಣ ನೋಡಿದ್ದ, ಯಾಕೆ ಅಳೆದುಕೊಳ್ಳಲಿಲ್ಲ. ಅರ್ಧಚಂದ್ರದವು ಮೂರು ಸಿಕ್ಕವು. ಒಂದು ಗಳಿಗೆ ಮೂರನ್ನೂ ಅಂಗೈಯಲ್ಲಿ ಹೊರಳಿಸಿ ಅಂದಾಜಿಗೆ ಒಂದನ್ನು ಆರಿಸಿದ. ಬಿಚ್ಚುವುದು ಹೇಗೆ? ಸುಂಕಪ್ಪ ಸೀಟಿನ ಹಿಂದಿನ ಚರ್ಮದ ಚೀಲಕ್ಕೆ ಬೆರಳು ತೋರಿಸಿದ, ಕೊಟ್ರನ ಪಾನ ಅದರಾಗ ಐತಲ್ರಿ, ಅದಕ್ಕ ಈ ವರ್ಸ ಹಬ್ಬ ಇಲ್ಲ, ಇವತ್ತು ಇಡೀ ಊರಾಗ ದುಡಿಯೋ ಪಾನ ಅದೊಂದ. ಹೌದಲ್ಲ. ತೆಗೆದ, ಹಿಡಿಕೆಯಲ್ಲಿ ಇನ್ನೊಬ್ಬನ ಹೆಬ್ಬೆರಳಿನ ನುಣುಪು, ನಟ್ಟು ಬಿಚ್ಚಿ, ಸುತ್ತಿಗೆಗೆ ಬದಲು ರಸ್ತೆಯ ಕಲ್ಲಿನಿಂದ ಬಡಿದು ಹೊಸದನ್ನು ಉರುಳಿಸಿ ಹಳೆಯದನ್ನು ತೂರಿಸಿದ, ಗೆಣ್ಣು ತರಚಿತು.

ಹತ್ತಿದ. ಟಕ್ — ಬಂತು, ಟಕ್, ಆದರೆ ಇದೇನು, ಮೇಲೊಂದು ಕೆಳಗೊಂದು, ಟಕ್ ಟುಕ್, ಅದೇನಾ, ಅದಲ್ಲವಾ, ಎರಡು ವರ್ಷ ಕೇಳಿದ ಸದ್ದು, ಮೊನ್ನೆಯವರೆಗೆ ತಾನೇ ತುಳಿದ ಸದ್ದು, ನೆನಪು ಮಾಡಿಕೊಳ್ಳಹೋದರೆ ಪಕ್ಕದಿಂದ ಜಾರುತ್ತದೆ, ಸುತ್ತಿಗೊಂದೋ ಎರಡೋ, ಒಂದು ಅಂತಲೇ ಲೆಕ್ಕ ಹಾಕಿದ್ದೆ, ಹಾಗಾದರೆ ಇದು ಬೇರೆ ಯಾರದೋ, ಹಿರೇಹಡಗಲಿಯ ಹಾಲಿನವನದೋ ಗುಮಾಸ್ತನದೋ, ಬೇರೆಯವನ ಸದ್ದನ್ನು ಹೊತ್ತು ಅವಳ ಬಾಗಿಲಿಗೆ ಹೊರಟಿದ್ದೇನೆ, ಇದು ಮೋಸ, ಅದೇ ಸದ್ದು ಸಿಕ್ಕಿದ್ದರೆ ಅದೂ ಮೋಸವೇ ಅಲ್ಲವೇ, ಮತ್ತೆ ಅವಳನ್ನು ಓಡಿಸಿ ತಂದು ಮತ್ತೆ ತನ್ನ ಮುಖ ತೋರಿಸುವುದು, ಇಳಿದು ತಳ್ಳಿಕೊಂಡು ಹೋಗಲೇ, ಹೋಗಿ ಹೇಳಿಬಿಡಲೇ, ಪಾಲಮ್ಮ ನಾನು ಕಳೆದುಬಿಟ್ಟೆ ಎಂದು — ಕಾಲು ನಿಲ್ಲಲಿಲ್ಲ, ಬೇವಿನಮರ, ನಾಗಕ್ಕನ ಕಟ್ಟೆ, ಟಕ್ ಟುಕ್, ಮನೆ. ಹಿತ್ತಲಲ್ಲಿ ಕೊಡದ ಸದ್ದು, ನೀರು ಚೆಲ್ಲಿದ ಸದ್ದು, ಹೆಜ್ಜೆ. ಪಾಲಮ್ಮ ಬಾಗಿಲಿಗೆ ಬಂದಳು, ಎರಡು ದಿನ ಉಣ್ಣದ ಮುಖ, ಒಂದು ಕಾಲು ಹೊಸ್ತಿಲ ಮೇಲೆ, ಕಣ್ಣು ಅವನ ಮುಖಕ್ಕೆ ಬರಲಿಲ್ಲ, ಪೆಡಲಿಗೆ ಹೋಯಿತು. ಹಣೆ ಗಂಟಿಕ್ಕಿತು. ಇದಲ್ಲ ಅಂದಳು. ಗೊತ್ತು, ನಾನು ಡಬ್ಬಿಯಾಗ ಹುಡುಕಿದೆ, ಮೂರು ಒಂದ ಥರ ಇದ್ವು, ನಾನು... ಇದು ಎರಡು ಸಲ ಬಡಿತೈತ್ರಿ, ಕೊಟ್ರಂದು ಒಂದ ಸಲ. ಕೊಟ್ರ ಅಂದಳು, ಅವಳ ಬಾಯಿಂದ, ಎರಡು ತಿಂಗಳ ಮೇಲೆ, ಅವನು ಹ್ಯಾಂಡಲ್ಲು ಹಿಡಿದೇ ನಿಂತ, ಅವಳೇ ಮುಂದುವರಿಸಿದಳು, ಎಡಗಾಲು ಮ್ಯಾಲ ಬಂದಾಗ ಒಂದು, ಕೆಳಗ ಹೋಗುವಾಗ ಸುಮ್ಕ ಹೋಗತಿತ್ತು, ಬಾಗಿಲ ಚೌಕಟ್ಟಿನ ಮೇಲೆ ಬೆರಳಗಂಟಿನಿಂದ ಬಡಿದು ತೋರಿಸಿದಳು, ಟಕ್, ತಡೆದಳು, ತಡೆದಳು, ಟಕ್, ಹಿಂಗ. ಯಾಕ್ರೀ ಹಂಗ? ಅದು ಒಂದ ಸಲ ಯಾಕ, ಇದು ಎರಡು ಸಲ ಯಾಕ? ಅವನು ಬಾಯಿ ತೆರೆದ, ಬಲ, ಸವಕಳಿ, ಕೋನ, ಎಲ್ಲ ಸಾಲಾಗಿ ಬಂದು ಸಾಲಾಗಿ ಹೋದವು, ನನಗ ಗೊತ್ತಿಲ್ಲ ಪಾಲಮ್ಮ. ಬಿಯೆಸ್ಸಿ ಓದೀರಿ, ಇಷ್ಟು ಗೊತ್ತಿಲ್ಲ ಅಂದಳು, ಆ ಮಾತಿನ ನಡುವೆಯೇ ದನಿ ಒಡೆಯಿತು, ಒಡೆದ ದನಿಯಲ್ಲೇ, ಅತ್ತ ಸರೀರಿ, ತಿರುವಿ ನೋಡಾನು ಅಂದಳು, ಕಣ್ಣು ಸುರಿಯುತ್ತಿದೆ, ಸೆರಗಿಗೆ ಒರೆಸಿಕೊಳ್ಳುತ್ತಿಲ್ಲ, ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಪೆಡಲು ಹಿಡಿದು ತಾನೇ ತಿರುವುತ್ತಿದ್ದಾಳೆ, ಟಕ್, ಟುಕ್, ಪಕ್ಕದಲ್ಲಿ ಕೂತಿದ್ದಾಳೆ ಎಂದರೆ ಅಂಗಳದಲ್ಲಿದ್ದಾಳೆ, ಅಂಗಳದಲ್ಲಿದ್ದಾಳೆ ಎಂದರೆ — ಓಬಳೇಶ ತಲೆ ಎತ್ತಿ ಬಾಗಿಲಿನ ಕಡೆ ನೋಡಿದ, ಹೊಸ್ತಿಲ ಕಲ್ಲಿನ ಮೇಲೆ ಒಂದು ಒದ್ದೆ ಹೆಜ್ಜೆ, ಹಿಮ್ಮಡಿ ಆಗಲೇ ಆರುತ್ತಿದೆ, ಅದರ ಆಚೆ, ಅಂಗಳದ ಚಪ್ಪಡಿಯ ಮೇಲೆ, ಬಿಸಿಲಿನಲ್ಲಿ, ಐದೂ ಬೆರಳಿನ ಸಮೇತ, ಎರಡನೆಯದು.